ಯಾರ ಜೊತೆ ರಾಜಿ

ಮಂಚೇನಹಳ್ಳಿಯ ಪುಟ್ಟ ಚರ್ಚಿನಲ್ಲಿ ಒಂದು ಕಟ್ಟಳೆ ಇತ್ತು. ಚಿಕ್ಕಬಳ್ಳಾಪುರದ ಪಾದ್ರಿ ಅಯ್ಯನವರು ತಿಂಗಳಿಗೊಂದು ಭಾನುವಾರ ಬಸ್ಸಿನಲ್ಲಿ ಬಂದು ಕರ್ತನ ಭೋಜನ, ಅಂದರೆ ಪ್ರಾರ್ಥನೆ ಮಾಡಿದ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡುತ್ತಿದ್ದರು. ಮನಸ್ತಾಪ ಇದ್ದವರು ಅದಕ್ಕೆ ಮೊದಲೇ ಎದುರಾಳಿಯ ಮನೆ ಬಾಗಿಲಿಗೆ ಹೋಗಿ ರಾಜಿಯಾಗಬೇಕು, ಇಲ್ಲದಿದ್ದರೆ ರೊಟ್ಟಿ ಮುಟ್ಟುವಂತಿಲ್ಲ. ಹಿಂದಿನ ದಿನ ಬೀದಿಯಲ್ಲಿ ಓಡಾಟವೋ ಓಡಾಟ. ಕೋಳಿ ಜಗಳ, ಬದುವಿನ ಜಗಳ ಎಲ್ಲ ಸಂಜೆಯೊಳಗೆ ಇತ್ಯರ್ಥ. ಸೋಮವಾರ ಮತ್ತೆ ಶುರುವಾಗುತ್ತಿತ್ತೆನ್ನಿ, ಅದು ಬೇರೆ ಮಾತು.

ಅರವತ್ತೈದರ ಯುದ್ಧ ಮುಗಿದ ಮೇಲೆ ಕೊಂಡಮ್ಮನ ಒಬ್ಬನೇ ಮಗ, ಸಿಪಾಯಿ ಇಸಾಕಪ್ಪ, ರಜೆಯಲ್ಲಿ ಬಂದ. ಜೀವಂತ ಬಂದನಲ್ಲ ಎಂದು ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಭೋಜನದ ಭಾನುವಾರ ಚರ್ಚಿನಲ್ಲಿ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ರೊಟ್ಟಿಯ ತಟ್ಟೆ ಎದುರಿಗೆ ಬಂದಾಗ ಇಸಾಕಪ್ಪ ಕೈ ಕಟ್ಟಿ ಕೂತುಬಿಟ್ಟ. ಎಲ್ಲರೂ ನೋಡಿದರು. ಕೊಂಡಮ್ಮನ ಮಾನ ಹೋಯಿತು.

"ಯಾರ ಮೇಲೆ ಕಣೋ ನಿಂಗೆ ಕೋಪ?" ಎಂದರೆ "ಯಾರ ಮೇಲೂ ಇಲ್ಲ ಕಣಮ್ಮ" ಎಂದನೇ ಹೊರತು ಬಾಯಿ ಬಿಡಲಿಲ್ಲ. ಮುಂದಿನ ಭೋಜನದ ಮರುದಿನವೇ ಅವನು ಗಡಿಗೆ ವಾಪಸು ಹೋಗಬೇಕು. ದೇವರ ಜೊತೆ ಸರಿಯಿಲ್ಲದ ಮಗನನ್ನು ಬಂದೂಕಿನ ಬಾಯಿಗೆ ಕಳಿಸುವುದು ಹೇಗೆ? ಆ ಭಯಕ್ಕೆ ಅವಳಿಗೆ ಅನ್ನ ಸೇರಲಿಲ್ಲ. ಮಗನ ಪರವಾಗಿ ತಾನೇ ಮನೆ ಮನೆ ಸುತ್ತಿದಳು. ತನ್ನ ಗಂಡ ಮತ ಬದಲಿಸಿದ್ದಕ್ಕೆ ಮಾತು ಬಿಟ್ಟಿದ್ದ ಭಾವ ಬಯ್ಯಪ್ಪನ ಹೊಸ್ತಿಲನ್ನೂ ತುಳಿದಳು.

"ಅವನ ಮೇಲೆ ನಂಗ್ಯಾಕಮ್ಮ ಕೋಪ? ಬಂದ ದಿನಾನೇ ಕಾಲಿಗೆ ಬಿದ್ದು ಹೋದ" ಎಂದ ಬಯ್ಯಪ್ಪ.

ಭೋಜನದ ಹಿಂದಿನ ದಿನ, ಶನಿವಾರ ಸಂಜೆ, ಅವಳ ತಾಳ್ಮೆ ಕೆಟ್ಟಿತು. "ಊರೆಲ್ಲ ತಿರುಗಿ ಬಂದೆ ಕಣೋ. ಅದ್ಯಾರ ಮನೆ ಅಂತ ಹೇಳು, ನಾನೇ ಹೋಗಿ ಕಾಲು ಹಿಡೀತೀನಿ."

"ಅವನು ಈ ಊರೋನಲ್ಲಮ್ಮ. ಈಗ ಬದುಕೂ ಇಲ್ಲ" ಎಂದ ಇಸಾಕಪ್ಪ. "ಗಡಿ ಹತ್ರ ಕಬ್ಬಿನ ತೋಟದಾಗೆ ಎದುರಿಗೆ ಬಂದ. ನನ್ನಷ್ಟೇ ವಯಸ್ಸು. ನಾನು ಮೊದ್ಲು ಗುಂಡು ಹೊಡ್ದೆ. ಬಿದ್ದೋನು ಅಮ್ಮನ್ನ ಕರೆದ. ಅವರ ಭಾಷೆ ನಂಗೆ ಬರಲ್ಲ, ಅದೊಂದು ಮಾತು ತಿಳೀತು."

"ಯುದ್ಧ ಕಣಪ್ಪ ಅದು. ನೀನು ಹೊಡೀದಿದ್ರೆ ಅವನು ಹೊಡೀತಿದ್ದ."

"ಹೂಂ. ಹಂಗೆ ಆಗಿದ್ರೆ, ಅವನನ್ನ ನೀನು ಕ್ಷಮಿಸ್ತಿದ್ಯಾ?"

ವೈರಿಯನ್ನು ಪ್ರೀತಿಸಬೇಕೆಂದು ಕೊಂಡಮ್ಮ ಚಿಕ್ಕಂದಿನಿಂದ ಕೇಳಿದ್ದಳು, ಮಗನಿಗೂ ಅವಳೇ ಕಲಿಸಿದ್ದಳು. ಹೂಂ ಎನ್ನಲು ಬಾಯಿ ತೆರೆದಳು. ಮಾತು ಬರಲಿಲ್ಲ. ಅಷ್ಟು ವರ್ಷ ನಂಬಿದ್ದು ಬಾಯಿಪಾಠ ಮಾತ್ರವಾಗಿತ್ತೇ ಎಂದು ಅವಳ ಎದೆ ಒಡೆಯಿತು. ಸೆರಗು ಮುಖಕ್ಕೆ ಹಿಡಿದು ಅತ್ತಳು. ಮಗನೂ ಅತ್ತ.

ಮರುದಿನ ತಟ್ಟೆ ಬಂದಾಗ ಇಸಾಕಪ್ಪ ಕೈ ಚಾಚಲಿಲ್ಲ. ಪಕ್ಕದಲ್ಲಿ ಕೊಂಡಮ್ಮನೂ ಚಾಚಲಿಲ್ಲ.

"ನಿನಗೇನಾಯ್ತಮ್ಮ, ಕೊಂಡಮ್ಮ?" ಎಂದು ಅಯ್ಯನವರು ಮೆಲ್ಲಗೆ ಕೇಳಿದರು.

"ಒಬ್ಬ ತಾಯಿ ಹತ್ರ ಹೋಗ್ಬೇಕಿತ್ತು ಅಯ್ನೋರೆ. ಆಕೆ ಮನೆ ಯಾವ ಊರೋ ಗೊತ್ತಿಲ್ಲ."