ಅಪ್ಪನ ಕಾಲಡಿಯ ಬ್ರೇಕು

"ಕಣ್ಣು ಮುಚ್ಕೋ," ಎಂದ ಅಪ್ಪ, ರಿಮೋಟು ಒತ್ತಿ. ಟೀವಿಯಲ್ಲಿ ಗಂಡ ಹೆಂಡತಿಯ ಪಾತ್ರದ ಇಬ್ಬರು ತುಟಿ ಮುಂದೆ ಚಾಚಿಕೊಂಡು ಹಾಗೇ ನಿಂತುಬಿಟ್ಟರು.

"ನಿಲ್ಸಿದ್ಮೇಲೆ ಕಣ್ಣು ಯಾಕಪ್ಪಾ ಮುಚ್ಕೋಬೇಕು?" ಎಂದಳು ಮಗಳು. ಅಮ್ಮ ನಗು ನುಂಗಿಕೊಂಡಳು.

ಅಪ್ಪ ಕಾರು ಕಲಿಸುವವನು. ಕಲಿಯುವವರ ಪಕ್ಕದಲ್ಲಿ ಕೂತರೆ ಅವನ ಕಾಲಡಿಗೂ ಒಂದು ಬ್ರೇಕು ಇರುತ್ತದೆ. ಮನೆಯಲ್ಲಿ ರಿಮೋಟೇ ಆ ಬ್ರೇಕು. ದೊಡ್ಡವರಿಗೆಂದು ಮಾಡಿದ ಈ ಹಾಸ್ಯ ತುಣುಕುಗಳ ಕಾರ್ಯಕ್ರಮವನ್ನು ಹದಿನೈದರ ಹುಡುಗಿ ನೋಡಬಹುದೇ ಎಂದು ಇವತ್ತು ಮೊದಲ ಕಂತು ಹಾಕಿ ಪರೀಕ್ಷೆ. ಪಾಸಾದರೆ ಸಂಜೆ ಗೆಳತಿಯ ಮನೆಯಲ್ಲಿ ಕ್ಲಾಸಿನವರೆಲ್ಲ ಸೇರಿ ಇದನ್ನೇ ನೋಡುವಾಗ ಅವಳೂ ಇರಬಹುದು. ವಾರದಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಒಂದು ಬೈಗುಳ ಬಂತು. ಮತ್ತೆ ಬ್ರೇಕು.

"ನಿನ್ನೆ ಆ ಲಾರಿಯವನಿಗೆ ನೀವು ಬೈದಿದ್ದು ಇದರಪ್ಪನಂಥದ್ದು," ಎಂದಳು ಅಮ್ಮ. ಅಪ್ಪ ತೆಪ್ಪಗೆ ಮುಂದಕ್ಕೆ ಬಿಟ್ಟ.

ಆಮೇಲೆ ತೊದಲುವವನೊಬ್ಬ ಫೋನಿನಲ್ಲಿ ಆಂಬುಲೆನ್ಸ್ ಕರೆಯುವ ತುಣುಕು. ಅವನು ವಿಳಾಸ ಹೇಳಿ ಮುಗಿಸುವಷ್ಟರಲ್ಲಿ ಬೇಸತ್ತ ರೋಗಿಯೇ ಎದ್ದು ಬಂದು ಫೋನು ಕಿತ್ತುಕೊಂಡ. ಮುತ್ತಿಲ್ಲ, ಬೈಗುಳವಿಲ್ಲ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದು ನೋಡು, ಮನೆಮಂದಿಯೆಲ್ಲ ಕೂತು ನೋಡೋಂಥದ್ದು. ಪಾಸು."

ಮಗಳು ನಕ್ಕಿರಲಿಲ್ಲ. ಸುಮ್ಮನಿದ್ದರೆ ಸಂಜೆ ಅವಳದೇ. ಆದರೂ ಅಪ್ಪನ ಕೈಯಿಂದ ರಿಮೋಟು ತೆಗೆದುಕೊಂಡು ತಾನೇ ನಿಲ್ಲಿಸಿದಳು.

"ಸಂಜೆ ಯಾರ ಮನೆಗೆ ಹೋಗ್ಬೇಕೋ, ಅವಳು ಮಾತಾಡೋದು ಹೀಗೇ ಅಪ್ಪಾ. ಇದನ್ನ ಹಾಕಿದ್ರೆ ಎಲ್ರೂ ನಗ್ತಾರೆ. ಆಗ ಅವಳೂ ನಗ್ಬೇಕಾಗತ್ತೆ."

ಅಪ್ಪನ ಮುಖ ಸಣ್ಣದಾಯಿತು. ಇಷ್ಟು ಹೊತ್ತು ಎಲ್ಲೆಲ್ಲೋ ಬ್ರೇಕು ಒತ್ತಿದ್ದಕ್ಕೆ ಅವನಿಗೆ ನಾಚಿಕೆಯಾಯಿತು.

"ಹಾಗಾದ್ರೆ ಇದು ಫೇಲು," ಎಂದ ಕೊನೆಗೆ.

"ನಾನೂನಾ?" ಎಂದಳು ಮಗಳು.

"ನೀನು ಹೋಗು. ಯಾವ್ದು ಹಾಕ್ಬೇಕು, ಯಾವ್ದು ಬೇಡ, ನೀನೇ ನೋಡ್ಕೋ."

ಅವಳು ಕುಣಿಯುತ್ತಲೇ ಬಾಗಿಲಿಗೆ ಓಡಿ, ಚಪ್ಪಲಿ ಹಾಕಿಕೊಳ್ಳುತ್ತ ಗೆಳತಿಗೆ ಫೋನು ಮಾಡಿದಳು. "ಬಿಟ್ರು ಕಣೇ. ಮೊದಲನೇ ಕಂತು ಸಪ್ಪೆ, ಎರಡನೇದು ಹಾಕೋಣ. ನಮ್ಮಪ್ಪ ಮುತ್ತು ಬಂದಾಗ ಏನ್ಮಾಡಿದ್ರು ಗೊತ್ತಾ?"

ಹೇಳಿ ಮುಗಿಸಿ ಸುಮ್ಮನಾದಳು. ಒಂದು ಚಪ್ಪಲಿ ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ. ಅತ್ತಲಿನವಳ ಮಾತು ಪೂರ್ತಿಯಾಗುವವರೆಗೂ ಹಾಗೇ ನಿಂತಿದ್ದಳು. ನಡುವೆ ಒಂದು ಪದವನ್ನೂ ತಾನು ತುಂಬಿಕೊಡಲಿಲ್ಲ. ಆಮೇಲೆ ಬಾಗಿಲಿಗೆ ಒರಗಿ ಬಿದ್ದು ಬಿದ್ದು ನಕ್ಕಳು.