ಹೆಳವನ ಬಾಯಲ್ಲಿಲ್ಲದ ಹೆಸರು

ಮೊರದ ತುಂಬ ರಾಗಿ ತಂದ ಚಿಕ್ಕಲಕ್ಷ್ಮಮ್ಮ ಅದನ್ನು ಚೀಲಕ್ಕೆ ಸುರಿಯದೆ ಹಾಗೇ ನಿಂತಳು. ಚೀಲದ ಬಾಯಿ ಅಗಲಿಸಿ ಹಿಡಿದಿದ್ದ ಲಕ್ಕಯ್ಯ ತಲೆಯೆತ್ತಿ ನೋಡಿದ.

ಲಕ್ಕಯ್ಯ ಆ ಮನೆತನದ ಹೆಳವ. ಸುಗ್ಗಿ ಮುಗಿದ ಮೇಲೆ ಹೊಳೆನರಸೀಪುರ, ಅರಕಲಗೂಡು ಕಡೆಯ ಒಕ್ಕಲು ಮನೆಗಳಿಗೆ ಬಂದು, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ವಂಶವನ್ನು ರಾಗವಾಗಿ ಹೇಳಿ ಕಾಳು ಪಡೆಯುವುದು ಅವನ ಕುಲಕಸುಬು. ಅವನಪ್ಪ ಎತ್ತಿನ ಮೇಲೆ ಬರುತ್ತಿದ್ದ, ಇವನದು ಮೊಪೆಡ್ಡು. ಈಗ ತಾನೆ ಹೇಳಿ ಮುಗಿಸಿದ್ದ: ಯಜಮಾನ ಚನ್ನಪ್ಪ, ಅವನ ಮಗ ಶಶಿಕುಮಾರ್, ಸೊಸೆ ಸ್ನೇಹಲತಾ, ಮೊಮ್ಮಗಳು ನಿಸರ್ಗ. ಮಗುವಿನ ಹೆಸರು ಬಂದಾಗ ಎಲ್ಲರಿಗೂ ಹಿಗ್ಗೋ ಹಿಗ್ಗು.

"ನಾನೆಲ್ಲಿವ್ನಿ ಲಕ್ಕಯ್ಯ ಅದ್ರಲ್ಲಿ?" ಎಂದಳು ಚನ್ನಪ್ಪನ ಅಕ್ಕ ಚಿಕ್ಕಲಕ್ಷ್ಮಮ್ಮ. "ನಮ್ಮವ್ವ ಸತ್ತಾಗಿಂದ ನಾನೇ ಕಾಳು ಆಕ್ತಾ ಇವ್ನಿ. ಒಂದ್ಸಲನಾದ್ರೂ ನನ್ನೆಸ್ರು ಬರ್ನಿಲ್ಲ."

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನೇ ಲಕ್ಕಯ್ಯ ಅಡ್ಡ ತಂದ. ಮದುವೆಯಾದವಳ ಹೆಸರನ್ನು ಗಂಡನ ಮನೆಯಲ್ಲೇ ಹೇಳಬೇಕು. ಹಾಗಾದರೆ ಅಲ್ಲಿ ಹೇಳುತ್ತೀಯಾ ಎಂದು ಅವಳು ಬಿಡದೆ ಕೇಳಿದಳು. ಅವನು ತಲೆ ಕೆರೆದುಕೊಂಡ. ಅಲ್ಲಿ ಗಂಡನ ಎರಡನೆಯ ಹೆಂಡತಿಯ ಹೆಸರಿತ್ತು. ಮೊದಲನೆಯವಳು ಸತ್ತಳೆಂದು ಆ ಮನೆಯವರು ವಂಶದಲ್ಲಿ ಹೇಳಿಸಿಬಿಟ್ಟಿದ್ದರು.

"ಸತ್ತೋಳ ಕೈಲಿ ಇಷ್ಟ್ ವರ್ಷ ರಾಗಿ ಈಸ್ಕೊಂಡು ಎಂಗಪ್ಪ ಉಂಡೆ?"

ಸ್ನೇಹಲತಾ ನಕ್ಕುಬಿಟ್ಟಳು, ಆಮೇಲೆ ನಾಲಿಗೆ ಕಚ್ಚಿಕೊಂಡಳು.

ನಗುವ ಮಾತಾಗಿರಲಿಲ್ಲ ಅದು. ಮದುವೆಯಾಗಿ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಾಗ ತಿಥಿಗೆಂದು ತವರಿಗೆ ಬಂದವಳು ಚಿಕ್ಕಲಕ್ಷ್ಮಮ್ಮ. ಚನ್ನಪ್ಪ ಆಗಿನ್ನೂ ಮೊಲೆ ಕುಡಿಯುವ ಕೂಸು. ಬಿಟ್ಟು ಹೋಗಲು ಕಾಲು ಏಳಲಿಲ್ಲ. ಇಂದು ಬಂದಾಳು ನಾಳೆ ಬಂದಾಳು ಎಂದು ಕಾದ ಗಂಡ ಬೇರೊಬ್ಬಳನ್ನು ಕಟ್ಟಿಕೊಂಡ. ಆ ಸುದ್ದಿ ಬಂದ ದಿನ ಅವಳಿಗೆ ಅಳಲೂ ಪುರುಸೊತ್ತಿರಲಿಲ್ಲ, ಕೂಸಿಗೆ ದಡಾರ ಎದ್ದಿತ್ತು. ಅಂಥವಳಿಗೆ ಎರಡು ವಂಶದಲ್ಲೂ ಜಾಗವಿಲ್ಲವೆಂದರೆ ಯಾವ ನ್ಯಾಯ?

ಜಗಲಿಯ ಮೇಲಿದ್ದ ಚನ್ನಪ್ಪ ಎದ್ದು ಬಂದ. "ಸೇರ್ಸಪ್ಪ. ನಮ್ಮಪ್ಪನ ಮಕ್ಕಳಲ್ಲಿ ಅಕ್ಕನೇ ದೊಡ್ಡೋಳು. ನನಗಿಂತ ಮುಂಚೆ ಹೇಳು."

ಯಜಮಾನನೇ ಬಾಯಿಬಿಟ್ಟು ಹೇಳಿದ ಮೇಲೆ ಇನ್ನೇನು? ಲಕ್ಕಯ್ಯ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಅಪ್ಪನ ಹೆಸರಾಯಿತು, ಚಿಕ್ಕಲಕ್ಷ್ಮಮ್ಮನ ಹೆಸರಾಯಿತು. ಅಲ್ಲಿಗೆ ನಿಂತ. ಹೆಸರಿನ ಬೆನ್ನಿಗೆ ಮಕ್ಕಳನ್ನು ಹೇಳದೆ ಮುಂದಕ್ಕೆ ಹೋಗುವ ಕ್ರಮವೇ ಅವನಲ್ಲಿರಲಿಲ್ಲ.

"ಅಕ್ಕಾರ ಮಕ್ಕಳು ಯಾರು ಅಂತ ಹೇಳ್ಲಿ ಗೌಡ್ರೆ?"

ಪಾಪ, ನೋಯಿಸಬೇಕೆಂದು ಕೇಳಿದ್ದಲ್ಲ. ಚಿಕ್ಕಲಕ್ಷ್ಮಮ್ಮ ಮುಖ ತಿರುಗಿಸಿಕೊಂಡು, ಸಾಕು ನಿಲ್ಲಿಸು, ಕೇಳಿದ್ದೇ ತಪ್ಪಾಯಿತು ಎಂದಳು.

"ನನ್ನೆಸ್ರು ಹೇಳು," ಎಂದ ಚನ್ನಪ್ಪ.

"ನೀವು ನಿಮ್ಮವ್ವನ ಹೊಟ್ಟೇಲಿ ಬತ್ತೀರಲ್ಲ. ಒಬ್ರು ಎರಡು ಕಡೆ ಬರಂಗಿಲ್ಲ ಗೌಡ್ರೆ."

"ಬರ್ಲಿ. ಎರಡು ಕಡೇನೂ ಹೇಳು."

ಲಕ್ಕಯ್ಯ ಚೀಲವನ್ನು ಪಕ್ಕಕ್ಕಿಟ್ಟ. ಆಮೇಲೆ ಮತ್ತೆ ಮೂಲಪುರುಷನಿಂದಲೇ ರಾಗ ತೆಗೆದ. ಚಿಕ್ಕಲಕ್ಷ್ಮಮ್ಮ, ಅವಳ ಮಗ ಚನ್ನಪ್ಪ ಎನ್ನುವಲ್ಲಿ ಅವನ ದನಿ ತುಸು ತಡವರಿಸಿತು. ಅರವತ್ತು ದಾಟಿದ ಚನ್ನಪ್ಪ, ಇಸ್ಕೂಲಿನಲ್ಲಿ ಹಾಜರಿ ಕರೆದಾಗ ಎದ್ದು ನಿಲ್ಲುವವನ ಹಾಗೆ ನೆಟ್ಟಗೆ ನಿಂತು, "ಇವ್ನಿ," ಎಂದ.