ಪಾತಾಳದ ವೀರನಿಗೆ ರೇಷ್ಮೆಯ ಪರೀಕ್ಷೆ

೧೯೯೮ರಲ್ಲಿ ವಿಜಯಪುರದ ಬಸ್ ನಿಲ್ದಾಣದ ಹಿಂದೆ, ಹರಿಪ್ರಸಾದನ ಸೆಂಟರಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಅದರ ಹೊಟ್ಟೆಗೆ ಹಿಡಿಸುತ್ತಿದ್ದದ್ದು ಒಂದೇ ಆಟ. ಎರಡು ವರ್ಷದಿಂದ ಅಲ್ಲಿ ‘ಪಾತಾಳ’ ನೆಲೆಸಿತ್ತು. ರೇಷ್ಮೆ ಹುರಿ ಕಾರ್ಖಾನೆಯ ಮುನಾವರ್ ಪಾಷಾ, ಐವತ್ತೆಂಟರ ಪ್ರಾಯದಲ್ಲಿ ದಿನಕ್ಕೊಂದು ಗಂಟೆ ಕೂತು, ಅದರೊಳಗಿನ ಕತ್ತಿ ಹಿಡಿದ ವೀರನೊಬ್ಬನನ್ನು ನಲವತ್ತನೆಯ ಹಂತದವರೆಗೆ ಸಾಕಿ ಬೆಳೆಸಿದ್ದರು. ಈಗ ಹರಿಪ್ರಸಾದ ‘ಜ್ವಾಲೆ’ಯೆಂಬ ಹೊಸ ಆಟ ತಂದಿದ್ದ. ಅದು ಒಳಗೆ ಬರಬೇಕಾದರೆ ಪಾತಾಳ ಅಳಿಯಬೇಕು, ಪಾತಾಳದೊಡನೆ ವೀರನೂ.

“ಯಾವುದು ಮೇಲು ಅಂತ ತಿಳಿದೋರು ಹೇಳ್ಲಿ, ಒಪ್ಕೊತೀನಿ,” ಎಂದರು ಪಾಷಾ.

ವಿಜಯಪುರದಲ್ಲಿ ತಿಳಿದವರೆಂದರೆ ರೇಷ್ಮೆ ತಿಳಿದವರು. ರೇಷ್ಮೆ ಗೂಡಿನ ನಿವೃತ್ತ ಪರೀಕ್ಷಕ ಆದಿನಾರಾಯಣಪ್ಪ ಗುಣಮಟ್ಟದ ಚೀಟಿ ಬರೆದರೆ ಊರಿನಲ್ಲಿ ಎದುರುಮಾತಿರಲಿಲ್ಲ. ಅವರು ಗರಿಗರಿ ಪಂಚೆಯುಟ್ಟು ಬಂದರು. ಜ್ವಾಲೆಯ ಪರೀಕ್ಷೆಗೆಂದು ಹರಿಪ್ರಸಾದ ತನ್ನ ಷಡ್ಡಕನ ಕಂಪ್ಯೂಟರನ್ನು ಆಟೋದಲ್ಲಿ ಹೇರಿ ತಂದು ಪಕ್ಕದಲ್ಲಿಟ್ಟಿದ್ದ.

“ಮೊದಲು ರೆಂಡಿಟ್ಟಾ ನೋಡೋಣ,” ಎಂದರು ಆದಿನಾರಾಯಣಪ್ಪ.

ಒಂದು ಕೇಜಿ ನೂಲಿಗೆ ಎಷ್ಟು ಕೇಜಿ ಗೂಡು ಬೇಕೆಂಬ ಲೆಕ್ಕವದು, ಕಮ್ಮಿಯಾದಷ್ಟೂ ಮೇಲು. ಇಲ್ಲಿ, ಒಂದು ಹಂತ ಏರಲು ಎಷ್ಟು ರಾಕ್ಷಸರು ಸಾಯಬೇಕೆಂದು ಎಣಿಸಿದರು. ಪಾತಾಳಕ್ಕೆ ನೂರಾ ಎಂಬತ್ತು, ಜ್ವಾಲೆಗೆ ಎಪ್ಪತ್ತು.

“ಆಯ್ತಲ್ಲ ಪಾಷಾ ಭಾಯ್, ನಿಮ್ಮೋನಿಗೆ ಟಾಟಾ ಹೇಳ್ಬಿಡಿ,” ಎಂದ ಹರಿಪ್ರಸಾದ.

“ಬಾಯ್ ಮುಚ್ಚೋ! ಸ್ವಾಮಿ, ನೂಲು ಕಡಿಯೋದನ್ನೂ ನೋಡ್ಬೇಕಲ್ವಾ?”

ಅದೂ ನ್ಯಾಯವೇ. ವೀರ ಒಮ್ಮೆ ಸತ್ತರೆ ನೂಲು ಒಮ್ಮೆ ಕಡಿದಂತೆ. ಒಂದು ಗಂಟೆಯಲ್ಲಿ ಜ್ವಾಲೆಯವನು ಹದಿನಾಲ್ಕು ಸಲ ಸತ್ತ. ಪಾಷಾ ಸಾಕಿದವನು ಒಮ್ಮೆಯೂ ಸಾಯಲಿಲ್ಲ.

ಆದಿನಾರಾಯಣಪ್ಪ ಕಣ್ಣು ಮುಚ್ಚಿ, ಪಾತಾಳದ ಮಾನಿಟರಿಗೆ ಕಿವಿಯಿಟ್ಟು, ಗೂಡನ್ನು ಅಲ್ಲಾಡಿಸುವಂತೆ ಮೆಲ್ಲನೆ ಅಲ್ಲಾಡಿಸಿದರು.

“ಒಳಗೆ ಜೀವ ಇದೆ.”

“ನಮ್ದು, ಸಾರ್?”

“ಅದ್ರಲ್ಲೂ ಇದೆ. ಆದ್ರೆ ಅದು ಇದಕ್ಕೆ ಹುಟ್ಟಿದ್ದು ಕಣಪ್ಪ. ಅದೇ ಕತ್ತಿ, ಅದೇ ಗುಹೆ, ಅದೇ ಬೀಗ ಹಾಕಿದ ಪೆಟ್ಟಿಗೆ. ನಿಂದು ಸಲೀಸಾಗಿ ಬಿಚ್ಕೊಳ್ಳುತ್ತೆ, ಹೊಳಪೂ ಜಾಸ್ತಿ. ಇದು ತಾಯಿ ತಳಿ.”

ಚೀಟಿ ಬರೆದರು: ‘ಜ್ವಾಲೆ: ನೂಲಿಗೆ ಉತ್ತಮ. ಪಾತಾಳ: ಬಿತ್ತನೆ ಗೂಡು. ಅಳಿಸತಕ್ಕದ್ದಲ್ಲ.’

ಪಾಷಾ ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡರು. ವೀರ ಉಳಿದಿದ್ದ. ಸಂಭ್ರಮದಲ್ಲಿ ಮೌಸಿಗೆ ಕೈಯಿಟ್ಟರು. ಆದಿನಾರಾಯಣಪ್ಪ ಆ ಕೈಯನ್ನು ಹಿಡಿದು ನಿಲ್ಲಿಸಿದರು.

“ಏನ್ ಸಾಬ್ರೇ ಇದು? ಬಿತ್ತನೆ ಗೂಡು ಮೊಟ್ಟೆಗೇ ಮೀಸಲು, ನೂಲಿಗೆ ಹಾಕೋ ಹಾಗಿಲ್ಲ ಅನ್ನೋದು ನಿಮಗ್ಗೊತ್ತಿಲ್ವಾ? ಇನ್ಮೇಲೆ ಇದನ್ನ ಯಾರೂ ಆಡಕೂಡದು.”

“ನಾನೂನಾ?”

“ನೀವಂತೂ ಮೊದಲು.”

ಷಡ್ಡಕನ ಕಂಪ್ಯೂಟರು ಆಟೋ ಹತ್ತಿ ಹಿಂದಿರುಗಿತು. ಮರುದಿನವೂ ಪಾಷಾ ತಮ್ಮ ಗಂಟೆಗೆ ಸರಿಯಾಗಿ ಬಂದು, ಎರಡೂ ಕೈಗಳನ್ನು ಕಂಕುಳಲ್ಲಿ ಭದ್ರಪಡಿಸಿಕೊಂಡು ಪರದೆಯೆದುರು ಕೂತರು. ವೀರ ಹಾಳು ಬಾವಿಯೊಂದರ ಪಕ್ಕ ನಿಂತಿದ್ದ, ಯಾರ ಅಪ್ಪಣೆಯೂ ಇಲ್ಲದೆ, ಮೊದಲ ಬಾರಿಗೆ ಸುಮ್ಮನೆ ತನ್ನಷ್ಟಕ್ಕೆ ಇರುವಂತೆ.

“ಆಡಂಗಿಲ್ಲ, ಅಳಿಸಂಗಿಲ್ಲ. ಏನ್ ನೋಡ್ತೀರ ಭಾಯ್?” ಎಂದು ಹರಿಪ್ರಸಾದ ಸಿಡುಕಿದ.

“ಭುಜ ನೋಡೋ,” ಪಾಷಾ ಪಿಸುಗುಟ್ಟಿದರು. “ಉಸಿರಾಡ್ತಾವ್ನೆ.”